ಗಲ್ಲಾದ ಮರೆವು

ನಮ್ಮ ಸೀಮೆಯಲ್ಲಿ ಹೋಟೆಲೆಂದರೆ ತಂಗುವ ಮನೆಗಿಂತ ಮೊದಲು ತಿಂಡಿ ಕಾಫಿಯ ಮನೆ. 2016ರಲ್ಲಿ ಯುಪಿಐ ಬಂದಮೇಲೆ ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಗಲ್ಲಾಗಳ ಮೇಲೆಯೂ ಕ್ಯೂಆರ್ ಎಂಬ ಚೌಕುಳಿ ಚೀಟಿ ಕುಳಿತಿತು; ಹಣ ಸಂದಿತೆಂದು ಪಕ್ಕದ ಪೆಟ್ಟಿಗೆಯೇ ಕೂಗತೊಡಗಿತು. ಚಿಲ್ಲರೆಯ ಜಗಳ ತಪ್ಪಿದುದು ಸಣ್ಣ ಉಪಕಾರವಲ್ಲ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಂತೂ ಪ್ರಯಾಣಿಕರು ಇಳಿಯುವ ಮುನ್ನವೇ ಹೋಟೆಲಿನ ಗುಣದೋಷಗಳನ್ನು ಮೊಬೈಲಿನಲ್ಲಿ ಓದಿಕೊಂಡಿರುತ್ತಾರೆ.

ಆದರೆ ಈ ಯಂತ್ರ ಯಾವುದನ್ನೂ ಮರೆಯದು. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನೇ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟೀಸು ಬಂದಾಗ, ಬೆಂಗಳೂರಿನ ಹಲವು ಅಂಗಡಿಗಳು ಆ ಚೀಟಿಯನ್ನು ಕಿತ್ತು ನಗದನ್ನೇ ಕೇಳಿದವು.

ಹಳೆಯ ಯಜಮಾನರಿಗೆ ಮರೆಯುವ ವಿದ್ಯೆಯೂ ತಿಳಿದಿತ್ತು. ತಿಂಗಳ ಕೊನೆಯ ಗುಮಾಸ್ತರನ್ನೋ ಪರೀಕ್ಷೆಗೆ ಬಂದ ಹಳ್ಳಿಯ ಹುಡುಗನನ್ನೋ ಕಂಡರೆ, "ನಾಳೆ ಕೊಡಿ" ಎಂದು, ಲೆಕ್ಕದಲ್ಲಿ ಬರೆಯದೆ ಬಿಡುತ್ತಿದ್ದರು. ಯಂತ್ರ ಇರಲಿ, ಗಲ್ಲಾದಲ್ಲಿ ಕುಳಿತವರು ತಲೆಯೆತ್ತಿ ಬಂದವರ ಮುಖ ನೋಡುವುದನ್ನು ಮಾತ್ರ ಬಿಡಬಾರದು.