ನಂದಿಯ ಏರಿನಲ್ಲಿ ತುಂಡಾದ ವಾದ

ದೇವನಹಳ್ಳಿ ಕೋಟೆಯ ಬಾಗಿಲೆದುರು ಬೆಳಗಿನ ಐದೂವರೆಗೆ ಯಾರ ಮುಖವೂ ಕಾಣುವುದಿಲ್ಲ, ಬರೀ ಮಾತು ಕೇಳಿಸುತ್ತದೆ. ಜನವರಿಯ ಚಳಿ. ಸೈಕಲ್ಲುಗಳ ಹಿಂದಿನ ಕೆಂಪು ದೀಪಗಳು ಮಿಣುಕುತ್ತಿವೆ. ಒಬ್ಬರು ಬಗ್ಗಿ ಹೆಬ್ಬೆರಳಲ್ಲಿ ಟೈರು ಒತ್ತಿ ನೋಡುತ್ತಿದ್ದಾರೆ. ಇನ್ನೊಬ್ಬರು ಕೈಗವಸನ್ನು ಹಲ್ಲಲ್ಲಿ ಕಚ್ಚಿಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾರೆ. ಕಾಲೇಜು ಹುಡುಗ ಬಾಳೆಹಣ್ಣು ಹಂಚುತ್ತ ಬಂದು ನಿಮ್ಮ ಕೈಗೂ ಎರಡು ಹಾಕುತ್ತಾನೆ. "ಏಲಕ್ಕಿ ಬಾಳೆ ಸಾರ್. ಜೇಬಲ್ಲಿ ಇಟ್ಕೊಳಿ, ನಜ್ಜಾಗ್ದಂಗೆ ನೋಡ್ಕೊಳಿ." ಅಷ್ಟರಲ್ಲಿ ಮೇಷ್ಟ್ರೂ ಇಂಜಿನಿಯರೂ ಆಗಲೇ ಶುರು ಹಚ್ಚಿಕೊಂಡಿದ್ದಾರೆ.

ವಾದ ನೀರಿನದು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆಯನ್ನು ಶುದ್ಧೀಕರಿಸಿ, ಪಂಪು ಮಾಡಿ, ಈ ಕಡೆಯ 65 ಕೆರೆಗಳಿಗೆ ತುಂಬಿಸುವುದು ಎಚ್.ಎನ್. ವ್ಯಾಲಿ ಯೋಜನೆ. ಎರಡನೇ ಹಂತದವರೆಗಷ್ಟೇ ಶುದ್ಧಿ ಮಾಡಿದರೆ ಸಾಕೇ, ಮೂರನೇ ಹಂತವೂ ಬೇಕೇ ಎಂಬುದು ಈ ಜಿಲ್ಲೆಯ ಟೀ ಅಂಗಡಿಗಳಲ್ಲೆಲ್ಲ ನಡೆಯುವ ಜಗಳ. ಮೇಷ್ಟ್ರಿಗೆ ಚಿಕ್ಕಬಳ್ಳಾಪುರದ ಬಳಿ ಒಂದಿಷ್ಟು ಜಮೀನಿದೆ. ಇಂಜಿನಿಯರಿಗೆ ನೀರಾವರಿ ಕೆಲಸದಲ್ಲಿ ಸವೆದ ಅನುಭವ ಇದೆ.

"ಕೆರೆ ತುಂಬಿದೆ ಅಂತ ಖುಷಿ ಪಡ್ಬೇಕೋ, ಏನು ತುಂಬಿದೆ ಅಂತ ನೋಡ್ಬೇಕೋ?"

"ಮೇಷ್ಟ್ರೇ, ನಿಮ್ಮ ಬೋರಲ್ಲಿ ನೀರು ಮೇಲೆ ಬಂತೋ ಇಲ್ವೋ, ಅದು ಹೇಳಿ ಮೊದ್ಲು."

ಬ್ಯಾಂಕಿನ ಮೇಡಂ ಗಂಟೆ ಬಾರಿಸುತ್ತಾರೆ. ಹೊರಡುವ ಹೊತ್ತು.

ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಇಬ್ಬಿಬ್ಬರ ಸಾಲು. ನೀವು ಮೂರನೇ ಜೋಡಿಯಲ್ಲಿದ್ದೀರಿ, ಎಡಕ್ಕೆ ಮೇಡಂ. ಮುಂದಿನವರ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಒಂದು ಮಾರು ಜಾಗ. ಮುಂದಿನವರು ಕೈ ಕೆಳಗಿಳಿಸಿ ಬೆರಳು ತೋರಿಸಿದರೆ ಅಲ್ಲಿ ಗುಂಡಿ. ನೀವೂ ಹಾಗೇ ತೋರಿಸಿ ಹಿಂದಿನವರಿಗೆ ದಾಟಿಸಬೇಕು. "ಗಾಡಿ!" ಎಂಬ ಕೂಗು ಹಿಂದಿನಿಂದ ಮುಂದಕ್ಕೆ ಸಾಗುತ್ತದೆ, "ಹಂಪು!" ಎಂಬುದು ಮುಂದಿನಿಂದ ಹಿಂದಕ್ಕೆ. ಸ್ವಲ್ಪ ಹೊತ್ತಿಗೆ ಇದೆಲ್ಲ ಗೊತ್ತಾಗದಂತೆ ನಡೆಯತೊಡಗುತ್ತದೆ. ಎದೆಗೆ ಹೊಡೆಯಬೇಕಿದ್ದ ಚಳಿಗಾಳಿ ಮುಂದಿನವರ ಮೈಗೆ ತಾಗಿ ಒಡೆದು ನಿಮ್ಮ ಪಕ್ಕಕ್ಕೆ ಸರಿದುಹೋಗುತ್ತದೆ. ಮಟ್ಟಸ ನೆಲದಲ್ಲಿ ಸೈಕಲ್ಲಿನವನ ಬಲವೆಲ್ಲ ಹೆಚ್ಚಾಗಿ ಗಾಳಿಯನ್ನು ಸೀಳುವುದರಲ್ಲೇ ಖರ್ಚಾಗುವುದು. ಗುಂಪಿನ ಮಧ್ಯೆ ಇದ್ದವನಿಗೆ ಆ ಖರ್ಚಿನಲ್ಲಿ ದೊಡ್ಡ ರಿಯಾಯಿತಿ. ಉಳಿದ ಉಸಿರು ಮಾತಿಗೆ ಹೋಗುತ್ತದೆ. ಮೇಡಂ ಮಗಳ ಪಿ.ಯು. ಪರೀಕ್ಷೆಯ ಕಥೆ ಹೇಳುತ್ತಿದ್ದಾರೆ, ಕಾಮಾ ಪೂರ್ಣವಿರಾಮ ಸಮೇತ. ಹಿಂದಿನ ಜೋಡಿಯಿಂದ ಎತ್ತಿನಹೊಳೆ, ನೈಟ್ರೇಟು, ಅಂತರ್ಜಲ ಎಂಬ ಪದಗಳು ತೇಲಿ ಬರುತ್ತಿವೆ.

ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ ಕಾರಹಳ್ಳಿಯ ಕಡೆಗೆ ಹೊರಟ ಮೇಲೆ ಬೆಳಕು ಹರಿಯುತ್ತದೆ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿ ಚಪ್ಪರಗಳು. ನೀಲಿ ದ್ರಾಕ್ಷಿಗೆ 'ಬೆಂಗಳೂರು' ಎಂಬ ಹೆಸರಿದ್ದರೂ ಬೆಳೆಯುವುದು ಈ ದೇವನಹಳ್ಳಿ, ಚಿಕ್ಕಬಳ್ಳಾಪುರದ ಹೊಲಗಳಲ್ಲೇ. ಅದಕ್ಕೂ ದೇವನಹಳ್ಳಿಯ ಚಕ್ಕೋತಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಚಕ್ಕೋತದ ಮರ ಮಾತ್ರ ಈಗ ಹುಡುಕಿ ನೋಡಬೇಕು. ವಿಮಾನ ನಿಲ್ದಾಣ ಬಂದ ಮೇಲೆ ನೆಲದ ಬೆಲೆಗೆ ಯಾವ ಹಣ್ಣೂ ಸಾಟಿಯಾಗುತ್ತಿಲ್ಲ. ಹಿಪ್ಪುನೇರಳೆ ತೋಟ, ಸೇವಂತಿಗೆ ಸಾಲು, ನಡುವೆ ಥಟ್ಟನೆ ಒಂದು ಬಡಾವಣೆಯ ಕಮಾನು. ಕಮಾನಿನ ಆಚೆ ಏನೂ ಇಲ್ಲ, ಗಡಿಕಲ್ಲುಗಳು ಮಾತ್ರ. ರಸ್ತೆ ಈಗ ಏಳುತ್ತ ಬೀಳುತ್ತ ಹೋಗುತ್ತಿದೆ. ಇಳಿಜಾರಿನ ಓಟದಲ್ಲೇ ಮುಂದಿನ ದಿಬ್ಬದ ಅರ್ಧ ಹತ್ತಿಬಿಡಬಹುದು, ಇನ್ನರ್ಧಕ್ಕೆ ಮಾತ್ರ ಗೇರು ಇಳಿಸಬೇಕು.

ಇಂಥದೇ ಒಂದು ದಿಬ್ಬದ ಬುಡದಲ್ಲಿ ರಸ್ತೆಯ ಅಗಲಕ್ಕೂ ಹುರುಳಿ ಹರವಿದ್ದಾರೆ. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ಗಿಡ ಸಮೇತ ಡಾಂಬರಿನ ಮೇಲೆ ಹಾಸುವುದು ಈ ತಿಂಗಳ ವಾಡಿಕೆ, ಊರೂರಿಗೂ ಅದೇ ಕಣ. ಟ್ರ್ಯಾಕ್ಟರಿಗೆ ಸರಿ, ಬಸ್ಸಿಗೂ ಸರಿ. ಗೇರಿನ ಸೈಕಲ್ಲಿಗೆ ಮಾತ್ರ ಹುರುಳಿ ಬಳ್ಳಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮೊದಲು ಚರ್ ಚರ್ ಎಂಬ ಸದ್ದು, ಆಮೇಲೆ ಪೆಡಲು ಭಾರ, ಆಮೇಲೆ ನಿಲುಗಡೆ. ಹುಡುಗನ ಹಿಂಚಕ್ರ ಕಚ್ಚಿಕೊಂಡಿದೆ. ಅವನು ನಿಂತನೆಂದರೆ ಎಲ್ಲರೂ ನಿಂತಂತೆ. ಈ ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಹೋಗುವ ಪದ್ಧತಿಯಿಲ್ಲ.

ನೀವು ಮಂಡಿಯೂರಿ ನೋಡುತ್ತೀರಿ. ಒಣ ಬಳ್ಳಿ ಹಲ್ಲುಚಕ್ರಗಳ ಸಂದಿಯಲ್ಲಿ ಮೂರು ನಾಲ್ಕು ಸುತ್ತು ಸುತ್ತಿಕೊಂಡು ಗೇರು ಬದಲಿಸುವ ಪುಟ್ಟ ಗಾಲಿಗಳ ನಡುವೆ ನುಸುಳಿ ಗಂಟಾಗಿದೆ. ಎಳೆದರೆ ಇನ್ನೂ ಬಿಗಿ. ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸುತ್ತ, ತುದಿ ಹುಡುಕಿ, ಎಳೆ ಎಳೆಯಾಗಿ ಬಿಡಿಸಬೇಕು. ಗ್ರೀಸು ಮೆತ್ತಿದ ಬೆರಳಿಗೆ ಸಣ್ಣ ಚಪ್ಪಟೆ ಹುರುಳಿ ಕಾಳುಗಳು ಅಂಟಿಕೊಳ್ಳುತ್ತವೆ. ರಸ್ತೆಬದಿಯಲ್ಲಿ ಮೊರ ಹಿಡಿದು ನಿಂತ ಅಜ್ಜಿ ಒಳಗೆ ಯಾರಿಗೋ ತೆಲುಗಿನಲ್ಲಿ ಏನೋ ಕೂಗಿ, ನಿಮ್ಮ ಕಡೆ ತಿರುಗಿ ಕನ್ನಡದಲ್ಲಿ ಕೇಳುತ್ತಾಳೆ: "ಎಷ್ಟಪ್ಪಾ ಈ ಸೈಕಲ್ಲಿಗೆ?"

ಹುಡುಗ ಅರ್ಧಕ್ಕರ್ಧ ಇಳಿಸಿ ಹೇಳುತ್ತಾನೆ.

"ಅಷ್ಟು ದುಡ್ಡಿಗೆ ಮೋಟರೇ ಬತ್ತದಲ್ಲಪ್ಪಾ!"

ಮೇಷ್ಟ್ರಿಗೆ ನಗು ತಡೆಯಲಾಗುವುದಿಲ್ಲ. ಅವರದು ಹಳೆಯ ಸೈಕಲ್ಲು, ಹಿಂದೆ ಕ್ಯಾರಿಯರ್ರು, ಅದರ ಮೇಲೆ ರಬ್ಬರು ಕಟ್ಟಿದ ಟವೆಲು. ಚೈನಿಗೆ ಪೂರ್ತಿ ಕವಚವಿರುವುದರಿಂದ ಹುರುಳಿಯ ಭಯವಿಲ್ಲ. ಚಿಕ್ಕಂದಿನಲ್ಲಿ ಸೀಟಿಗೆ ಕಾಲು ಎಟುಕದೆ ಒಳಪೆಡ್ಲು ತುಳಿದು ಕಲಿತವರು, ಬೆಟ್ಟವನ್ನೂ ಹಾಗೇ ಬಗ್ಗಿಸುತ್ತಾರೆ.

ನಂದಿ ಬೆಟ್ಟದ ಬುಡ. ಇಲ್ಲಿಂದ ಮೇಲಕ್ಕೆ ಸುಮಾರು 8 ಕಿ.ಮೀ., ಅಷ್ಟರಲ್ಲಿ 400 ಮೀಟರಿಗೂ ಹೆಚ್ಚು ಎತ್ತರ ಏರಬೇಕು. ತುದಿ ಸಮುದ್ರಮಟ್ಟದಿಂದ 1,478 ಮೀಟರು. ಭಾನುವಾರವಾದ್ದರಿಂದ ಸೂರ್ಯೋದಯ ನೋಡಲು ಬಂದ ಕಾರುಗಳೂ ಬೈಕುಗಳೂ ಸಾಲುಗಟ್ಟಿವೆ, ಕ್ಲಚ್ಚು ಸುಟ್ಟ ವಾಸನೆ ಮಂಜಿನಲ್ಲಿ ಕಲೆಸಿದೆ. ಮೊದಲ ತಿರುವಿನಲ್ಲೇ ನಿಮಗೊಂದು ವಿಷಯ ಅರಿವಾಗುತ್ತದೆ. ಗಾಳಿಯ ರಿಯಾಯಿತಿ ಇಲ್ಲಿಗೆ ಮುಗಿಯಿತು. ಗಂಟೆಗೆ ಎಂಟೋ ಒಂಬತ್ತೋ ಕಿ.ಮೀ. ವೇಗದಲ್ಲಿ ತಡೆಯುವಷ್ಟು ಗಾಳಿಯೇ ಇಲ್ಲ. ಇನ್ನು ಮುಂದೆ ಯಾರ ಬೆನ್ನ ಹಿಂದೆ ಅವಿತರೂ ಲಾಭವಿಲ್ಲ. ನಿಮ್ಮ ತೂಕ, ಸೈಕಲ್ಲಿನ ತೂಕ, ರಾತ್ರಿ ಉಂಡ ಮುದ್ದೆಯ ತೂಕ, ಎಲ್ಲವನ್ನೂ ನೀವೇ ಹೊರಬೇಕು. ಗೆಳೆಯರಿಂದ ಈಗ ಸಿಗುವುದು ಜೊತೆ ಒಂದೇ, ಮತ್ತು ಆ ಜೊತೆಗೆ ಆಧಾರವಾಗಿದ್ದ ಮಾತನ್ನೇ ಬೆಟ್ಟ ಕತ್ತರಿಸತೊಡಗುತ್ತದೆ.

ಮೊದಲು ಹೋಗುವುದು ಉಪವಾಕ್ಯಗಳು. ಹಿಂದಿನಿಂದ ಇಂಜಿನಿಯರ್ ಧ್ವನಿ: "ನೋಡಿ ಮೇಷ್ಟ್ರೇ, ಕೆರೇಲಿ ನಿಂತ ನೀರು... ಮಣ್ಣಲ್ಲಿ ಇಳಿಯೋವಾಗ... ಸೋಸುತ್ತೆ." ಎರಡು ತಿರುವಿನ ಬಳಿಕ ವಿಶೇಷಣಗಳೂ ಉದುರುತ್ತವೆ. "ಎಲ್ಲಾ... ಸೋಸಲ್ಲ." ಇನ್ನೊಂದು ತಿರುವು. "ಲೋಹ?" "ಹಾಂ?" "ಭಾರ... ಲೋಹ." ಉತ್ತರವಿಲ್ಲ. ಉತ್ತರವಿಲ್ಲದಿದ್ದುದರಿಂದ ನೀರಾವರಿ ಇಲಾಖೆಯೇ ಸೋತಿತೆಂದು ತಿಳಿಯಬೇಕಿಲ್ಲ, ಇಂಜಿನಿಯರ್ ಕೊನೆಯ ಗೇರಿಗೆ ಬಂದಿದ್ದಾರೆ ಅಷ್ಟೇ.

ಕಿವಿಯಲ್ಲಿ ಈಗ ನಿಮ್ಮದೇ ಉಸಿರು. ಮೂಗಿನ ತುದಿಯಿಂದ ಬೆವರು ಹ್ಯಾಂಡಲಿನ ಮೇಲೆ ತೊಟ್ಟಿಕ್ಕುತ್ತಿದೆ, ಬೆರಳುಗಳು ಮಾತ್ರ ಇನ್ನೂ ತಣ್ಣಗಿವೆ. ತಿರುವಿನ ಒಳಮಗ್ಗುಲಲ್ಲಿ ರಸ್ತೆ ಕಡಿದು, ಹೊರಮಗ್ಗುಲಲ್ಲಿ ಸ್ವಲ್ಪ ಸಲೀಸು. ಎದುರು ಗಾಡಿ ಇಲ್ಲದಾಗ ಹೊರಕ್ಕೆ ಸರಿದು ನಾಲ್ಕು ತುಳಿತದಷ್ಟು ವಿಶ್ರಾಂತಿ ಕದಿಯುತ್ತೀರಿ. ಮಂಜು ಇಳಿಯುತ್ತದೆ. ಮೇಡಂ ನಿಮ್ಮ ಪಕ್ಕದಿಂದ ಅದೇ ಲಯದಲ್ಲಿ ತುಳಿಯುತ್ತ ಮುಂದಕ್ಕೆ ಸಾಗಿ ಮಂಜಿನಲ್ಲಿ ಕರಗುತ್ತಾರೆ. ಅವರು ಏರಿನಲ್ಲಿ ಮಾತೂ ಆಡುವುದಿಲ್ಲ, ನಿಲ್ಲುವುದೂ ಇಲ್ಲ. ಮೇಷ್ಟ್ರು ಕೊನೆಯ ಒಂದೂವರೆ ಕಿ.ಮೀ.ನಲ್ಲಿ ಇಳಿದು ತಳ್ಳುತ್ತಾರೆ, ಯಾವ ಸಂಕೋಚವೂ ಇಲ್ಲದೆ. ಹುಡುಗ ತುದಿ ಮುಟ್ಟಿ, ತಿರುಗಿ ಇಳಿದು ಬಂದು, ಅವರ ಪಕ್ಕದಲ್ಲಿ ನಡೆಯುವಷ್ಟೇ ನಿಧಾನ ಹಾವಿನಂತೆ ಅಂಕುಡೊಂಕಾಗಿ ತುಳಿಯುತ್ತಾನೆ. "ಇನ್ನೇನು ಬಂದೇಬಿಡ್ತು ಮೇಷ್ಟ್ರೇ." "ಸುಳ್ಳು ಹೇಳ್ಬೇಡ ಕಣೋ."

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕಡಿದಾದ ಮೈಯಲ್ಲೇ ಫಿರಂಗಿಗಳನ್ನು ಎಳೆದು ಏರಿಸಿ ಟಿಪ್ಪುವಿನ ಕೋಟೆ ಹಿಡಿಯಿತು. ಫಿರಂಗಿಗೆ ಗೇರೂ ಇರಲಿಲ್ಲ ಎಂದು ನೆನೆದರೆ ಸ್ವಲ್ಪ ಸಮಾಧಾನವಾಗುತ್ತದೆ.

ಮೇಲೆ ಬಾಗಿಲ ಬಳಿ ಗದ್ದಲ. ಸೂರ್ಯೋದಯ ಮಂಜಿನಲ್ಲಿ ಮುಚ್ಚಿಹೋಗಿದೆ, ಬಂದವರು ಬಿಳಿ ಗೋಡೆಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಸೈಕಲ್ಲು ಒರಗಿಸುವಷ್ಟರಲ್ಲಿ ಕೋತಿಯೊಂದು ನಿಮ್ಮ ಬೆನ್ನ ಜೇಬಿಗೆ ಕೈ ಹಾಕಿ, ಉಳಿದಿದ್ದ ಬಾಳೆಹಣ್ಣು ಎತ್ತಿಕೊಂಡು ಕಟ್ಟೆ ಏರುತ್ತದೆ. ಕಾಗದದ ಲೋಟದಲ್ಲಿ ಶುಂಠಿ ಟೀ. ಎರಡು ಗುಟುಕು ಒಳಗೆ ಹೋಗಿದ್ದೇ ತಡ, ವಾದ ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಬೆಸೆದುಕೊಳ್ಳುತ್ತದೆ. "ಭಾರ ಲೋಹ ಅಂದ್ರಲ್ಲ, ಆ ವಿಷಯ ಹೇಳ್ತೀನಿ ಕೇಳಿ."

ನಿಂತ ಜಾಗವೂ ಮೇಷ್ಟ್ರ ಪರವಾಗಿಯೇ ಇದೆ. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಈ ನದಿಗಳ ಹುಟ್ಟನ್ನು ಹೇಳುವುದೇ ಈ ಬೆಟ್ಟಸಾಲಿನ ಹೆಸರಲ್ಲಿ. ಒಂದು ಕನಕಪುರದ ಆಚೆ ಕಾವೇರಿಗೆ ಸೇರುತ್ತದೆ, ಒಂದು ನೆಲ್ಲೂರಿನ ಬಳಿ ಸಮುದ್ರಕ್ಕೆ, ಒಂದು ಕಡಲೂರಿನ ಬಳಿ. ಇಷ್ಟು ನದಿಗಳನ್ನು ಹೊರಗೆ ಕಳಿಸಿದ ಊರುಗಳೇ ಸಾವಿರ ಅಡಿಗೂ ಆಳಕ್ಕೆ ಬೋರು ಕೊರೆಸಿ, ಬೆಂಗಳೂರಿನ ಬಚ್ಚಲ ನೀರಿಗೆ ಕಾಯುವಂತಾಗಿದೆ. ಇಂಜಿನಿಯರ್ ಅದಕ್ಕೂ ಸೋಲುವುದಿಲ್ಲ. ಬೆಟ್ಟದ ಬುಡದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಹುಟ್ಟಿದೂರು. ಅವರು ಇದ್ದಿದ್ದರೆ ಈ ಪೈಪುಗಳಿಗೆ ಸಹಿ ಹಾಕುತ್ತಿದ್ದರು ಎನ್ನುತ್ತಾರೆ. "ಮೂರನೇ ಹಂತ ಇಲ್ದೆ ಹಾಕ್ತಿರಲಿಲ್ಲ" ಎನ್ನುತ್ತಾರೆ ಮೇಷ್ಟ್ರು.

ಇಳಿಯುವಾಗ ಯಾರೂ ಮಾತಾಡುವುದಿಲ್ಲ. ಇದು ಬೇರೆ ಬಗೆಯ ಮೌನ. ಕಣ್ಣಲ್ಲಿ ನೀರು, ಬ್ರೇಕು ಹಿಡಿದು ಹಿಡಿದು ಅಂಗೈ ಜೋಮು, ಒಂದೊಂದು ತಿರುವಿಗೂ ಎದುರಿಂದ ಏರಿ ಬರುವ ಬೈಕಿನ ಹಾರನ್ನು. ಏರಲು ಗಂಟೆ ತಿಂದ ದಾರಿ ಕ್ಷಣದಲ್ಲಿ ಮುಗಿದುಹೋಗುತ್ತದೆ.

ಬೆಟ್ಟದ ಇನ್ನೊಂದು ಮಗ್ಗುಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿ. 9ನೇ ಶತಮಾನದಷ್ಟು ಹಿಂದಿನದು, ಬಂದ ಅರಸರೆಲ್ಲ ತಮ್ಮ ಪಾಲು ಸೇರಿಸಿ ಬೆಳೆಸಿದ್ದು. ಕಪ್ಪುಕಲ್ಲಿನ ಮಂಟಪದ ಕಂಬಗಳನ್ನು ಬೆರಳಲ್ಲಿ ಸವರಿದರೆ ಎಣ್ಣೆ ಹಚ್ಚಿದಷ್ಟು ನುಣುಪು. ಕೆಳಗೆ ಭೋಗನಂದಿ, ಬೆಟ್ಟದ ಮೇಲೆ ಯೋಗನಂದಿ. ಯೌವನ ಕೆಳಗೆ, ವೈರಾಗ್ಯ ಮೇಲೆ ಎಂಬುದು ಸ್ಥಳಪುರಾಣ. ತುಳಿದು ಹತ್ತಿ ಬಂದವನು ಇದನ್ನು ತಕರಾರಿಲ್ಲದೆ ಒಪ್ಪುತ್ತಾನೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಬರಿಗಾಲು ಚಾಚಿ ಕೂತು ಮೇಡಂ ಕೊನೆಗೂ ಪಿ.ಯು. ಪರೀಕ್ಷೆಯ ಕಥೆ ಮುಗಿಸುತ್ತಾರೆ.

ಹೊರಗಿನ ಹೋಟೆಲಿನಲ್ಲಿ ಅವರೆಕಾಳು ಉಪ್ಪಿಟ್ಟು. ಸೊಗಡಿನ ಕಾಲ, ತಟ್ಟೆ ಬರುವ ಮೊದಲೇ ವಾಸನೆ ಬರುತ್ತದೆ. ಎಲ್ಲರ ಎರಡನೇ ತಟ್ಟೆಯ ಹೊತ್ತಿಗೆ ವಾದ ಮತ್ತೆ ಬಿಸಿಯೇರಿ, ಹೋಟೆಲಿನವರೂ ಪಕ್ಕದ ಮೇಜಿನ ರೈತರಿಬ್ಬರೂ ಅದರಲ್ಲಿ ಸೇರಿಕೊಂಡಿದ್ದಾರೆ. ಒಬ್ಬರ ಬೋರು ಮೇಲೆ ಬಂದಿದೆ, ಇನ್ನೊಬ್ಬರ ಕೆರೆಯಲ್ಲಿ ನೊರೆ ಎದ್ದಿದೆ.

"ಬಾಯಲ್ಲಿ ಹೇಳಿದ್ರೆ ಮುಗಿಯಲ್ಲ" ಎಂದು ಮೇಷ್ಟ್ರು ಎದ್ದು ಕೈ ತೊಳೆಯುತ್ತಾರೆ. "ಮುಂದಿನ ಭಾನುವಾರ ಕಂದವಾರ ಕೆರೆಗೇ ಹೋಗಣ. ನೀರು ಹೆಂಗಿದೆ ಅಂತ ಕಣ್ಣಾರೆ ನೋಡಣ."

"ಆಗ್ಲಿ, ನಾನೂ ರೆಡಿ."

"ದಾರೀಲಿ ಏರು ಇದ್ಯಾ?" ಮೇಡಂ ಕೇಳುತ್ತಾರೆ.

"ಇಲ್ಲ ಮೇಡಂ, ಹೆಚ್ಚುಕಮ್ಮಿ ಮಟ್ಟ. ಆರಾಮಾಗಿ ಹೋಗ್ಬಹುದು."

"ಹಂಗಾದ್ರೆ ನಾನು ಬರಲ್ಲ. ಇವರಿಬ್ಬರ ಮಾತು ಹೋಗ್ತಾ ಬರ್ತಾ ಪೂರ್ತಿ ಕೇಳ್ಬೇಕಾಗುತ್ತೆ."

ಹುಡುಗ ಆಗಲೇ ಫೋನಿನಲ್ಲಿ ನಕ್ಷೆ ತೆರೆದು, ಬೆಟ್ಟದ ಪಕ್ಕದಿಂದ ಸುತ್ತಿ ಹೋಗುವ ದಾರಿಯೊಂದನ್ನು ಬೆರಳಲ್ಲಿ ಎಳೆಯುತ್ತಿದ್ದಾನೆ.