ಎತ್ತು ಏಳುವ ಬಗೆ

ಕಾಲೇಜಿನಲ್ಲಿ ಮಾಸ್ತರನಾಗಿರುವುದಕ್ಕಿಂತ ಮನೆಯಲ್ಲಿ ಮಾಸ್ತರನಾಗಿರುವುದು ಕಷ್ಟದ ಕೆಲಸ. ಕಾಲೇಜಿನಲ್ಲಿ ನನ್ನ ಪಾಠ ಕೇಳಿ ಆಕಳಿಸುವವರು ದಾಕ್ಷಿಣ್ಯಕ್ಕಾದರೂ ಹಿಂದಿನ ಬೆಂಚಿನಲ್ಲಿ ಕೂಡುತ್ತಾರೆ. ಮನೆಯಲ್ಲಿ ನನ್ನ ಐದು ವರ್ಷದ ಮಗ ಎದುರಿಗೇ ಕುಳಿತು ಆಕಳಿಸುತ್ತಾನೆ.

ಕಳೆದ ದಸರೆಯ ರಜೆಯಲ್ಲಿ ಅವನು ಹಿತ್ತಲಿನ ಪೇರಲ ಗಿಡದಿಂದ ಬಿದ್ದು ಎಡಗೈ ಮುರಿದುಕೊಂಡ. ಧಾರವಾಡದಲ್ಲಿ ಪ್ಲಾಸ್ಟರು ಹಾಕಿಸಿದೆವು. ಆರು ವಾರಗಳ ಮೇಲೆ ಅದನ್ನು ತೆಗೆದ ವೈದ್ಯರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಎಲುಬು ಚೆನ್ನಾಗಿ ಕೂಡಿದೆ. ಇನ್ನು ಆಡಲು ಬಿಡಿರಿ" ಎಂದರು. ಎಲುಬೇನೋ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಹುಡುಗ ಆ ಕೈಯನ್ನು ಎದೆಗೆ ಅವಚಿಕೊಂಡೇ ತಿರುಗುವನು. ನೆಲದಿಂದ ಏಳುವಾಗ ಬಲಗೈಯೊಂದನ್ನೇ ಊರುವನು. ಓಣಿಯ ಮಕ್ಕಳು ಆಟಕ್ಕೆ ಕರೆದರೆ ಬಾಗಿಲ ಹಿಂದೆ ನಿಲ್ಲುವನು. ಎರಡು ತಿಂಗಳು ಹೀಗೆಯೇ ಕಳೆದವು.

ಆಗ ನನಗೆ ಯೋಗಾಸನದ ನೆನಪಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಎಳವೆಯಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿ ಕಡ್ಡಿಯಂತಿದ್ದವರು. ಮೈಸೂರಿನಲ್ಲಿ ತಮ್ಮ ಭಾವನವರಾದ ಟಿ. ಕೃಷ್ಣಮಾಚಾರ್ಯರ ಬಳಿ ಆಸನಗಳನ್ನು ಕಲಿತು ಗಟ್ಟಿಯಾದರು. 1936ರಲ್ಲಿ ಗುರುಗಳೊಡನೆ ನಮ್ಮ ಧಾರವಾಡದ ಕಡೆಗೆ ಬಂದಾಗ, ತಂಡದಲ್ಲಿ ಅತಿ ಕಿರಿಯರೆಂಬ ಕಾರಣಕ್ಕೆ, ಹೆಂಗಸರಿಗೆ ಪಾಠ ಹೇಳುವ ಕೆಲಸ ಅವರ ಪಾಲಿಗೆ ಬಂದಿತು. ಮರುವರ್ಷ ಪುಣೆಗೆ ಹೋದರು; ಮುಂದೆ ಜಗತ್ತೇ ಅವರ ಶಾಲೆಯಾಯಿತು. ಅಂಥ ಹುಡುಗ ಅಂಥವರಾದರೆ ನನ್ನ ಮಗನ ಒಂದು ಕೈ ಯಾವ ಲೆಕ್ಕ?

ಕಪಾಟಿನಿಂದ ಘೇರಂಡ ಸಂಹಿತೆಯನ್ನು ತೆಗೆದೆ. ಜೀವಜಾತಿಗಳು ಎಷ್ಟೋ ಆಸನಗಳೂ ಅಷ್ಟೇ, 84 ಲಕ್ಷ ಎನ್ನುತ್ತದೆ ಆ ಗ್ರಂಥ; ನಮ್ಮ ಮೇಲೆ ಕರುಣೆಯಿಟ್ಟು ಅವುಗಳಲ್ಲಿ 32ನ್ನು ಮಾತ್ರ ವಿವರಿಸುತ್ತದೆ. ಆ ಪಟ್ಟಿಯೊಂದು ಮೃಗಾಲಯವೇ ಸರಿ: ಸಿಂಹ, ಮತ್ಸ್ಯ, ಕೂರ್ಮ, ಮಂಡೂಕ, ಮಯೂರ, ಕುಕ್ಕುಟ, ಗರುಡ, ಶಲಭ, ಮಕರ, ಉಷ್ಟ್ರ, ಭುಜಂಗ. ಊರಿಗೆ ಹತ್ತಿರದಲ್ಲಿಯೇ ನವಿಲುತೀರ್ಥವಿರುವಾಗ ಮಯೂರಾಸನದಿಂದಲೇ ಆರಂಭಿಸೋಣವೆಂದು ನನಗೆ ತೋರಿದ್ದುಂಟು. ಮೈಯ ಭಾರವನ್ನೆಲ್ಲ ಎರಡು ಅಂಗೈಗಳ ಮೇಲೆ ತೂಗುವ ಆ ಆಸನ ಎಳೆಯ ಮಕ್ಕಳದಲ್ಲ, ಮುರಿದು ಕೂಡಿದ ಕೈಗಂತೂ ಅಲ್ಲವೇ ಅಲ್ಲ ಎಂಬಷ್ಟು ಬುದ್ಧಿ ಸಕಾಲಕ್ಕೆ ಬಂದದ್ದು ನನ್ನ ಪುಣ್ಯ.

ಬೆಕ್ಕಿನಿಂದ ತೊಡಗಿದೆವು. ನಾಲ್ಕು ಕಾಲಾಗಿ ನಿಂತು, ಉಸಿರು ಬಿಡುತ್ತ ಬೆನ್ನನ್ನು ಕಮಾನಿನಂತೆ ಮೇಲೆತ್ತುವುದು. ಉಸಿರು ತೆಗೆದುಕೊಳ್ಳುತ್ತ ತಗ್ಗಿಸುವುದು. "ಬೆನ್ನೆಲುಬನ್ನು ಬಾಗಿಸು" ಎಂದರೆ ಐದು ವರ್ಷದವನಿಗೆ ಏನೂ ತಿಳಿಯದು. "ನಾಯಿಯನ್ನು ಕಂಡ ಬೆಕ್ಕಾಗು" ಎಂದರೆ ಬೆನ್ನು ತಾನಾಗಿ ಏಳುತ್ತದೆ. ಸಿಂಹವಾಗಿ ನಾಲಗೆ ಚಾಚಿ ಗರ್ಜಿಸಿದ. ಭ್ರಮರವಾಗಿ ಗುಂಯ್‌ಗುಟ್ಟಿದ, ಗುಂಯ್‌ಗುಡುವಷ್ಟು ಹೊತ್ತೂ ಉಸಿರು ನಿಧಾನವಾಗಿ ಹೊರಗೆ ಹೋಗುತ್ತಿತ್ತು. ಆದರೆ ಬೆಕ್ಕಿನ ಎಡಮುಂಗಾಲು ಮಾತ್ರ ನೆಲಕ್ಕೆ ತಾಗಲೊಲ್ಲದು. ಅದು ಮೂರು ಕಾಲಿನ ಬೆಕ್ಕು.

ನನ್ನಲ್ಲಿಯ ಮಾಸ್ತರ ಸುಮ್ಮನಿರಲಿಲ್ಲ. "ಕೈ ಊರು. ಅಂಗೈ ಬಿಚ್ಚು. ಹಾಗಲ್ಲ, ಹೀಗೆ." ಒಂದು ದಿನ ನಾನೇ ಆ ಅಂಗೈಯನ್ನು ಹಿಡಿದು ನೆಲಕ್ಕೆ ಒತ್ತಿದೆ. ಹುಡುಗ ಚೀರಲಿಲ್ಲ. ಮುಖ ಬಿಳಿಚಿಕೊಂಡು, "ನಾ ಬೆಕ್ಕಲ್ಲಪ್ಪಾ" ಎಂದ. ಮರುದಿನ ಚಾಪೆ ಹಾಸಿದರೆ ಬರಲಿಲ್ಲ. ನನ್ನ ಹೆಂಡತಿ ಚಾಪೆಯನ್ನು ಸುತ್ತಿ ಮೂಲೆಗಿಟ್ಟಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಒಳಿತಾಗಿತ್ತು. ಹೂವಿನಂತಹ ಆ ಕೈಯನ್ನು ಒತ್ತಿದ ನನ್ನ ಕೈಯನ್ನು ಆ ರಾತ್ರಿ ಎಷ್ಟೋ ಹೊತ್ತು ನೋಡಿಕೊಂಡೆ.

ಅಷ್ಟರಲ್ಲಿ ಭಾರತ ಹುಣ್ಣಿಮೆ ಬಂದಿತು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಸವದತ್ತಿಯ ದಾರಿಗಳಲ್ಲೆಲ್ಲ ಗೆಜ್ಜೆಯ ಸದ್ದು ಮಾಡತೊಡಗಿದವು. ಈಗ ಟ್ರ್ಯಾಕ್ಟರು, ಬಸ್ಸುಗಳದೇ ಗದ್ದಲವಾದರೂ ಚಕ್ಕಡಿ ಕಟ್ಟಿಕೊಂಡು ಬರುವ ಒಕ್ಕಲಿಗರು ಇನ್ನೂ ಇದ್ದಾರೆ. ಸಂಜೆ ಮಗನನ್ನು ಕರೆದುಕೊಂಡು ಹೊರಟೆ. ದಾರಿಬದಿಯಲ್ಲಿ ಕೊಳ್ಳು ಹರಿದು ಬಿಟ್ಟಿದ್ದ ಒಂದು ಬಿಳಿಯ ಎತ್ತು ಮಲಗಿ ಮೆಲುಕು ಹಾಕುತ್ತಿತ್ತು. ಅದು ಏಳುವವರೆಗೆ ತಾನು ಕದಲುವುದಿಲ್ಲವೆಂದು ಹುಡುಗ ಹಟ ಹಿಡಿದ. ಅರ್ಧ ಗಂಟೆ ನಿಂತೆವು. ಕೊನೆಗೆ ಅದು ಎದ್ದಿತು.

"ಅಪ್ಪಾ, ಹಿಂದಿನ ಕಾಲು ಮೊದಲ ಎತ್ತಿತು!"

ಹೌದು. ಎತ್ತು ಮುಂಗಾಲಿನ ಮಂಡಿಯೂರಿ, ಭಾರವನ್ನು ಮುಂದಕ್ಕೆ ತಂದು, ಮೊದಲು ಹಿಂಭಾಗವನ್ನು ಎತ್ತುತ್ತದೆ. ಆಮೇಲೆ ಒಂದೊಂದಾಗಿ ಮುಂಗಾಲುಗಳನ್ನು ನೆಟ್ಟಗೆ ಮಾಡುತ್ತದೆ. ಕುದುರೆಯದು ಇದಕ್ಕೆ ತಿರುಗುಮುರುಗು. ಒಕ್ಕಲುತನದ ಮನೆಯಲ್ಲಿ ಹುಟ್ಟಿಯೂ ನಾನು ಇದನ್ನು ಕಣ್ಣಿಟ್ಟು ನೋಡಿದವನಲ್ಲ. ಘೇರಂಡನಲ್ಲಿ ವೃಷಭಾಸನವೇನೋ ಇದೆ. ಆದರೆ ಅದು ಕೂಡುವ ಆಸನ, ಅಲ್ಲಿಯ ಎತ್ತು ಏಳುವುದಿಲ್ಲ.

ಮನೆಗೆ ಬಂದೊಡನೆ ಹುಡುಗ ಪಡಸಾಲೆಯಲ್ಲಿ ಮಲಗಿ ಹುಸಿ ಮೆಲುಕು ಹಾಕಿದ. ಮೊಣಕೈಗಳನ್ನು ಊರಿದ. ಸೊಂಟವನ್ನು ಮೇಲೆತ್ತಿದ. ಆಮೇಲೆ ಒಂದು ಕೈ, ಮತ್ತೊಂದು ಕೈ. ಅಂಗೈಗಳೆರಡೂ ನೆಲದ ಮೇಲೆ ಅಗಲವಾಗಿ ಬಿಚ್ಚಿಕೊಂಡಿದ್ದವು. ಪುಸ್ತಕದ ಅಧೋಮುಖ ಶ್ವಾನಾಸನವೇ ಅದು; ಮೊಣಕೈ ಮಾತ್ರ ತುಸು ಸೊಟ್ಟಗಿತ್ತು. ಹೇಳಲೆಂದು ಬಾಯಿ ತೆರೆದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ನನ್ನತ್ತ ನೋಡಿದಳು. ಬಾಯಿ ಮುಚ್ಚಿಕೊಂಡೆ.

ಅವನು ಆ ಸಂಜೆ ಎಷ್ಟು ಸಲ ಮಲಗಿ ಎದ್ದನೋ! ಎಡಗೈಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ತಾಯಿ ಎಂದಿನಂತೆ ನೆಲಕ್ಕೆ ಎರಡೂ ಕೈ ಊರಿ, ಸೊಂಟವನ್ನು ಮೊದಲೆತ್ತಿ, ನರಳುತ್ತ ಮೇಲೆದ್ದಳು. ಹುಡುಗ ಚಪ್ಪಾಳೆ ತಟ್ಟಿ, "ಅಜ್ಜಿನೂ ಎತ್ತಿನಂಗ ಏಳ್ತಾಳ!" ಎಂದು ಕೂಗಿದ.

"ಹೌದೋ ನನ್ನಪ್ಪ," ಎಂದಳು ಅವಳು, "ನನ್ನ ಕೊಳ್ಳು ಹರಿಯವ್ರು ಮಾತ್ರ ಇನ್ನೂ ಯಾರೂ ಬಂದಿಲ್ಲ."