ಮಾನ ಹೊತ್ತವರು

ಸೊಲ್ಲಾಪುರದಲ್ಲಿ ‘ಮಾನ’ ಎಂಬ ಮಾತಿಗೆ ನಿಜವಾಗಿಯೂ ತೂಕವಿದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮಾನ ಪಡೆದವರು ಶಾಲು ಹೊದ್ದು ವೇದಿಕೆಯ ಮೇಲೆ ಕೂಡುವುದಿಲ್ಲ. ಬಿಳಿಯ ಬಾರಾಬಂದಿ ತೊಟ್ಟು, ಹಲವಾಳು ಎತ್ತರದ ನಂದಿಧ್ವಜವನ್ನು ಹೊತ್ತು, ಸಿದ್ಧರಾಮನು ಊರಿನ ಸುತ್ತ ಸ್ಥಾಪಿಸಿದನೆಂದು ನಂಬಲಾದ 68 ಲಿಂಗಗಳತ್ತ ನಡೆಯುತ್ತಾರೆ. ಈ ನಡಿಗೆಗೆ ತಕ್ಕ ದೈವವೇ ಅವರದು. ಹಸಿದ ಮಲ್ಲಯ್ಯನಿಗೆ ಉಣಿಸು ತರಲು ಮನೆಗೆ ಓಡಿದ ಹುಡುಗ, ಮರಳಿ ಬಂದಾಗ ಅವನನ್ನು ಕಾಣದೆ ಶ್ರೀಶೈಲದವರೆಗೂ ಅರಸುತ್ತ ಹೋದ ಕಥೆಯನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಓದಿದವರೆಲ್ಲ ಬಲ್ಲರು.

ನಂದಿಧ್ವಜಗಳು ಏಳು. ಮೊದಲನೆಯದು ದೇವಸ್ಥಾನದ್ದು, ಎರಡನೆಯದು ದೇಶಮುಖ ಮನೆತನದ್ದು, ಮೂರನೆಯದು ಲಿಂಗಾಯತ ಮಾಳಿ ಸಮಾಜದ್ದು. ನಾಲ್ಕು ಮತ್ತು ಐದು ವಿಶ್ವಬ್ರಾಹ್ಮಣರವು, ಕಡೆಯ ಎರಡು ಮಾತಂಗ ಸಮಾಜದವು. ಈ ಅನುಕ್ರಮದಲ್ಲಿ ಜಾತಿಯ ಏಣಿ ಕಾಣುವುದಿಲ್ಲವೆಂದರೆ ಅದು ಕಣ್ಣು ಮುಚ್ಚಿಕೊಂಡ ಮಾತಾದೀತು. ವಚನಗಳನ್ನು ಓದಿದವರಿಗಂತೂ ಅದು ಚುಚ್ಚಬೇಕು. ಆದರೂ ಏಳೂ ಧ್ವಜಗಳು ಸಮ್ಮತಿಕಟ್ಟೆಯ ಬಳಿ ಬಂದು ಸೇರಿದ ಮೇಲೆಯೇ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆಯುವ ಸಾಂಕೇತಿಕ ವಿವಾಹದ ಅಕ್ಷತೆ ಬೀಳುತ್ತದೆ. ಕಡೆಯವರಿಗಾಗಿ ಮೊದಲಿನವರು ಕಾಯಲೇಬೇಕು.

ಧ್ವಜದ ಭಾರ ಒಬ್ಬನ ಮೇಲೆ ನಿಂತಂತೆ ಕಂಡರೂ ಸುತ್ತಲಿನ ಕೈಗಳಿಲ್ಲದೆ ಅದು ನಿಲ್ಲದು. ಜಾತ್ರೆಗೆ ಬಹು ಮುಂಚೆಯೇ ರಾತ್ರಿಗಳಲ್ಲಿ ಅಭ್ಯಾಸ ಆರಂಭವಾಗುತ್ತದೆ. ಮೆರವಣಿಗೆಯ ಹಾದಿಯುದ್ದಕ್ಕೂ ರಂಗೋಲಿ ಹಾಕುವವರು, ನೀರು ಕೊಡುವವರು ಯಾರ ಮಾನದ ಪಟ್ಟಿಯಲ್ಲೂ ಇಲ್ಲ. ಅವರ ಕೃತಜ್ಞತೆಗೆ ಭಾಷಣವಿಲ್ಲ. ಮರುವರ್ಷ ಅದೇ ಬೀದಿಯಲ್ಲಿ ಧ್ವಜ ಮತ್ತೆ ಬರುವುದೇ ಅವರಿಗೆ ಸಲ್ಲುವ ವಂದನೆ.

ಪಟ್ಟಿಯಲ್ಲಿ ಇಲ್ಲದ ಮತ್ತೊಬ್ಬ ಹೊರೆಯಾಳು ಕನ್ನಡ. 68 ಲಿಂಗಗಳ ತೈಲಾಭಿಷೇಕವನ್ನು ಮರಾಠಿ ಪತ್ರಿಕೆಗಳು ‘ಯಣ್ಣಿಮಜ್ಜನ’ ಎಂದೇ ಬರೆಯುತ್ತವೆ. ಅದು ನಮ್ಮ ಎಣ್ಣೆಮಜ್ಜನ. ಪೂಜೆಯ ಹಕ್ಕುಳ್ಳ ಮನೆತನದ ಹೆಸರು ಹಿರೇಹಬ್ಬು. ಅಕ್ಷತೆಯ ವೇಳೆ ‘ಸತ್ಯಂ’ ಎಂಬುದರ ಜೊತೆಗೆ ಮೊಳಗುವ ‘ದಿಡ್ಡಂ’ ಕೇಳಿದರೆ ಹಳಗನ್ನಡದ ‘ದಿಟಂ’ ನೆನಪಾಗದಿರದು. ಅರ್ಥ ತಿಳಿಯದವರ ಬಾಯಲ್ಲೂ ಆ ಶಬ್ದ ನಡೆದು ಬಂದಿದೆ. ಅರ್ಥ ಬಲ್ಲವರೂ ದೂರವಿಲ್ಲ. ಅಕ್ಕಲಕೋಟೆ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಇಂದಿಗೂ ಕನ್ನಡ. ಕನ್ನಡ ಶಾಲೆಗಳ ಮಕ್ಕಳಿಗೆ ಮಹಾರಾಷ್ಟ್ರದ ಬಾಲಭಾರತಿಯೇ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಆ ಮಕ್ಕಳಲ್ಲಿ ಯಾರಾದರೂ ಜಾತ್ರೆಯ ಗದ್ದಲದಲ್ಲಿ ನಿಂತು ‘ಯಣ್ಣಿಮಜ್ಜನ’ವೆಂದರೆ ಏನೆಂದು ಪಕ್ಕದವನಿಗೆ ಹೇಳಬಲ್ಲರು.

ಜಾತ್ರೆಯ ಕಡೆಯ ದಿನ ನಂದಿಧ್ವಜಗಳ ವಸ್ತ್ರಗಳನ್ನು ಕಳಚುತ್ತಾರೆ. ಆ ವಿಧಿಗೂ ಅಲ್ಲಿ ಕನ್ನಡದ ಛಾಯೆಯ ಹೆಸರೇ: ಕಪ್ಪಡಕಳಿ.